ನಾಲ್ಕು ಗೇಣಿನ ದೂರ

ನಮ್ಮ ದೇವರ ಜಗಲಿಯ ಮೇಲೆ, ಕಾಳಮ್ಮನ ಬೆಳ್ಳಿ ಮುಖದ ಎಡಕ್ಕೆ, ಒಂದು ಗಾಡಿ ನಿಂತಿದೆ. ಸಾಗವಾನಿ ಕಟ್ಟಿಗೆಯ ಮೈ, ಮೇಲೆ ತಗಡಿನ ಹೊದಿಕೆ, ನಾಲ್ಕು ಗಾಲಿ, ಮುಂದೆ ಎರಡು ಸಣ್ಣ ಕಿಂಡಿ. ಉದ್ದ ಒಂದೂಕಾಲು ಫೂಟು. ಚಿಕ್ಕೋಡಿಯ ಈ ಮನೆಗೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಅದನ್ನು ನೋಡಿ, 'ಇದ್ಯಾವ ದೇವರ್ರಿ ಅಕ್ಕಾರ?' ಎಂದು ಕೇಳುವುದುಂಟು. ದೇವರಲ್ಲ, ನಮ್ಮ ಅಜ್ಜ ದೊಡ್ಡ ಲಢಾಯಿಯಲ್ಲಿ ಓಡಿಸಿದ ಗಾಡಿ, ನಮ್ಮ ಅಪ್ಪ ಅದನ್ನು ಸಣ್ಣದಾಗಿ ಮಾಡಿದ ಎಂದು ಹೇಳಿದರೆ ಅರ್ಧ ಜನ ಕೈಮುಗಿಯುತ್ತಾರೆ, ಅರ್ಧ ಜನ ನಗುತ್ತಾರೆ. ಎರಡೂ ನನಗೆ ಸರಿಯೇ. ಸೋಮವಾರ ದೇವರ ಸಾಮಾನು ತಿಕ್ಕುವಾಗ ಅದನ್ನೂ ಒರೆಸುತ್ತೇನೆ. ತಗಡಿಗೆ ಹುಣಸೆಹಣ್ಣು ತಾಕಿಸುವುದಿಲ್ಲ. ಕೊಬ್ಬರಿ ಎಣ್ಣೆಯ ಬಟ್ಟೆ, ಅಷ್ಟೇ.

ಹೋದ ತಿಂಗಳು ನನ್ನ ಮೊಮ್ಮಗಳು ಸಹನಾ ನಿಪ್ಪಾಣಿಯ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಆ ಗಾಡಿಯ ಮಾತು ತೆಗೆದಳು. ಲಢಾಯಿಯ ಗಾಡಿಗಳನ್ನು ಅಳತೆಗೆ ಸರಿಯಾಗಿ ಸಣ್ಣದು ಮಾಡುವ ಹುಚ್ಚು ಅವಳಿಗೆ ಹಿಡಿದು ಎರಡು ವರ್ಷವಾಯಿತು. ಅಂಥದೇ ಹುಚ್ಚಿನವರು ಯಾವ್ಯಾವುದೋ ದೇಶದಲ್ಲಿದ್ದಾರೆ, ಮೊಬೈಲಿನಲ್ಲಿ ಅವರದೊಂದು ಗುಂಪು.

"ಅಜ್ಜೀ, ನಿಮ್ಮ ಅಜ್ಜಾರು ಓಡಿಸಿದಂಥಾದ್ದ ಒಂದು ಖರೇ ಗಾಡಿ ಪರದೇಶದ ಮ್ಯೂಜಿಯಮ್ಮಿನ್ಯಾಗ ಇನ್ನೂ ಐತಂತ. ಅಲ್ಲಿಯವರೊಬ್ರು ಒಳಗ ಇಳದು ಟೇಪ್ ಹಿಡದು ಎಲ್ಲಾ ಅಳತಿ ಕಳಸ್ತೇನಿ ಅಂದಾರ. ಬಂದ ಮ್ಯಾಲ ನಿಮ್ಮ ಅಪ್ಪಾರು ಎಷ್ಟು ಬರೋಬರಿ ಮಾಡ್ಯಾರ, ಎಲ್ಲಿ ತಪ್ಪ್ಯಾರ, ನೋಡೂನು."

"ಈಗ ಮುಟ್ಟಬ್ಯಾಡವಾ, ಮಡೀಲಿ ಇಟ್ಟೇನಿ," ಎಂದೆ. ಸುಳ್ಳು. ಮಡಿಯೂ ಇರಲಿಲ್ಲ, ಏನೂ ಇರಲಿಲ್ಲ. ಹೆದರಿಕೆ ಇತ್ತು. ಆ ಗಾಡಿಯೊಳಗೆ ಒಂದು ಅಳತೆ ಇದೆ. ಗಾಡಿ ಓಡಿಸುವವನ ಸೀಟಿನಿಂದ ಅವನ ಹಿಂದೆ ಕೂಡುವವನ ಸೀಟಿಗೆ ಇರುವ ದೂರ. ಉಳಿದದ್ದೆಲ್ಲ ತಪ್ಪಿರಲಿ, ನನಗೇನೂ ಇಲ್ಲ. ಅದೊಂದು ತಪ್ಪಾಗಿದ್ದರೆ ನಮ್ಮ ಅಜ್ಜ ಕಡೆಯ ವರ್ಷಗಳಲ್ಲಿ ಉಂಡ ಅನ್ನ, ಮಾಡಿದ ನಿದ್ದೆ ಎಲ್ಲ ಸುಳ್ಳಿನ ಮೇಲೆ ನಿಂತ ಹಾಗಾಗುತ್ತಿತ್ತು. ಯಾಕೆಂದು ಹೇಳಬೇಕಾದರೆ ಏಕಸಂಬಿಯ ನಮ್ಮ ಮನೆಗೆ ಹೋಗಬೇಕು.

ಬಡಿಗೇರ ಓಣಿಯ ಕೊನೆಯ ಮನೆ ನಮ್ಮದು. ಮುಂದೆ ಕೆಲಸದ ಛಪ್ಪರ, ಅದನ್ನು ದಾಟಿದರೆ ಪಡಸಾಲೆ, ಪಡಸಾಲೆಯ ಬಲಕ್ಕೆ ದೇವರ ಖೋಲಿ, ಹಿಂದೆ ಅಡಿಗೆಮನೆ. ಛಪ್ಪರದಲ್ಲಿ ಅಪ್ಪ ಬಂಡಿಯ ಗಾಲಿ ಕಟ್ಟುತ್ತಿದ್ದ. ರಂದಾ ಹೊಡೆದ ಹೊಟ್ಟು ನಡೆದವರ ಕಾಲಿಗೆ ಅಂಟಿಕೊಂಡು ಮನೆಯೆಲ್ಲ ಓಡಾಡುತ್ತಿತ್ತು. ದೇವರ ದೀಪದಲ್ಲಿ, ಹಿಟ್ಟಿನ ಡಬ್ಬಿಯಲ್ಲಿ, ನಮ್ಮ ಜಡೆಯಲ್ಲಿ ಎಲ್ಲ ಕಡೆ ಅದೇ. ಒಲೆಗೂ ಅದೇ ಹೊಟ್ಟು. ರೊಟ್ಟಿಯ ವಾಸನೆಯ ಮೇಲೆಯೇ ಅಜ್ಜ, 'ಇವತ್ತ ಜಾಲಿ ಉರದೈತಿ' ಎಂದೋ 'ಬೇವು ಹಾಕೀರಿ, ಕಹಿ ಬರತೈತಿ ನೋಡ್ರಿ' ಎಂದೋ ಹೇಳುತ್ತಿದ್ದ. ಆಯಿ, ಅಂದರೆ ಅಪ್ಪನ ತಾಯಿ, ಸಂತೆಯಿಂದ ಬಂದೊಡನೆ ಚೀಲ ಸುರಿದು ಕಾಯಿಪಲ್ಲೆಗಿಂತ ಮೊದಲು ಕೊಸರನ್ನು ಹುಡುಕುತ್ತಿದ್ದಳು. ತೂಗಿದ ಮೇಲೆ ಮಾರುವವಳು ಕೈಯೆತ್ತಿ ಹಾಕಿದ ಎರಡು ಬದನೆಕಾಯಿ, ಒಂದು ಹಿಡಿ ಕೊತ್ತಂಬರಿ. ಸಂಜೆ ದೀಪ ಹಚ್ಚಿ ಕೈಮುಗಿದಾಗಲೂ ಆಯಿಯದು ಅದೇ ಲೆಕ್ಕ. ಇವತ್ತು ಎಮ್ಮೆ ಒದೆಯಲಿಲ್ಲ, ಒಂದು ಕೊಸರು. ಮಗುವಿನ ಜ್ವರ ಇಳಿಯಿತು, ಒಂದು ಕೊಸರು. 'ತೂಕದ್ದು ಎಲ್ಲಾರಿಗೂ ಕೊಡತಾಳ ತಾಯಿ. ಮ್ಯಾಲ ಏನ ಹಾಕಿದ್ಲು ಅನ್ನೂದನ್ನ ನೋಡ್ರೇ' ಎನ್ನುತ್ತಿದ್ದಳು. ದೇವರಿಗೆ ಕೈಮುಗಿಯಲು ನಾನು ಕಲಿತದ್ದು ಹಾಗೆ.

ಪಡಸಾಲೆಯ ಗೋಡೆಯ ಮೇಲೆ ಒಂದು ಅಂಗೈಯ ಗುರುತಿತ್ತು. ಊರು ಬಿಟ್ಟು ಬಹಳ ದಿನಕ್ಕೆ ಹೋಗುವವರು ಬಲಗೈಯನ್ನು ಹುರಮಂಜಿಯಲ್ಲಿ ಅದ್ದಿ ಗೋಡೆಗೆ ಒತ್ತಿ ಹೋಗುವುದು ನಮ್ಮ ಮನೆಯ ಪದ್ಧತಿ. ಕಟ್ಟಿಗೆಯ ಮೇಲೆ ದಾರದಿಂದ ಗೆರೆ ಹೊಡೆಯುತ್ತಾರಲ್ಲ, ಅದೇ ಕೆಂಪು ಮಣ್ಣು. ಕೈ ಮನೆಯಲ್ಲಿದ್ದರೆ ಮನುಷ್ಯ ತಿರುಗಿ ಬರುತ್ತಾನೆ ಎಂಬ ನಂಬಿಕೆ. ಬಂದ ಮೇಲೆ ಅವನೇ ತನ್ನ ಕೈಯಿಂದ ಅದರ ಮೇಲೆ ಸುಣ್ಣ ಬಳಿಯಬೇಕು. ಅಜ್ಜ ಪಲ್ಟನ್ನು ಸೇರಲು ಹೊರಟಾಗ ಅವನ ತಾಯಿ, 'ಗೇಣ ಹಾಕಿದಂಗ ಬೆರಳ ಬಿಚ್ಚಿ ಒತ್ತೋ, ಬಡಿಗ್ಯಾನ ಮಗಾ ನೀ' ಎಂದಿದ್ದಳಂತೆ. ಆಗ ಹೊಸ ಮದುವಣಗಿತ್ತಿಯಾಗಿದ್ದ ಆಯಿ ಹುರಮಂಜಿಯ ತಾಟು ಹಿಡಿದು ನಿಂತಿದ್ದಳು. ಅಜ್ಜ ತಿರುಗಿ ಬಂದ. ಆದರೆ ಸುಣ್ಣ ಬಳಿಯಲಿಲ್ಲ. ಕೇಳಿದವರಿಗೆಲ್ಲ, 'ಇನ್ನೂ ಒಂದೀಟು ಬರೂದೈತಿ' ಎನ್ನುತ್ತಿದ್ದನಂತೆ. ಹೀಗಾಗಿ ಪ್ರತಿ ವರ್ಷ ನವರಾತ್ರಿಗೆ ಗೋಡೆಗೆಲ್ಲ ಸುಣ್ಣವಾಗುತ್ತಿತ್ತು, ಆ ಕೈ ಮಾತ್ರ ಉಳಿಯುತ್ತಿತ್ತು. ಸುತ್ತಲಿನ ಸುಣ್ಣ ವರ್ಷ ವರ್ಷ ದಪ್ಪವಾಗಿ, ನಾನು ಕಾಣುವ ಹೊತ್ತಿಗೆ ಆ ಕೈ ಗೋಡೆಯೊಳಗೆ ಒಂದು ರೊಟ್ಟಿಯಷ್ಟು ಆಳಕ್ಕೆ ಇಳಿದಿತ್ತು.

ಊಟಕ್ಕೆ ಕುಳಿತಾಗ ಅಜ್ಜ ಮೊದಲ ರೊಟ್ಟಿಯ ಸೀದ ಅಂಚು ಮುರಿದು ತಾಟಿನ ಎಡಕ್ಕೆ ಇಡುತ್ತಿದ್ದ. ಎದ್ದ ಮೇಲೆ ಅದನ್ನು ಎಮ್ಮೆಗೆ ಹಾಕುತ್ತಿದ್ದ. ಅದು ಸಖಾರಾಮನ ಪಾಲು. ಯಾರು ಸಖಾರಾಮ ಎಂದು ಕೇಳಿದರೆ, 'ಅಲಖನೂರಾಂವ. ಗಾಡ್ಯಾಗ ನನ್ನ ಹಿಂದ ಕುಂಡ್ರತಿದ್ದ' ಎಂದಷ್ಟೇ ಹೇಳುತ್ತಿದ್ದ. ಹಬ್ಬದ ದಿನ ಹೋಳಿಗೆ ಮಾಡಿದರೂ ಸಖಾರಾಮನಿಗೆ ಮಾತ್ರ ಸೀದ ಅಂಚೇ. ಅವ್ವ ಒಮ್ಮೆ ಒಳ್ಳೆಯ ತುಂಡು ಇಡಲು ಹೋದಾಗ ಅಜ್ಜ ಕೈ ಅಡ್ಡ ಹಿಡಿದಿದ್ದ.

ನನಗೆ ಹತ್ತೋ ಹನ್ನೊಂದೋ ಇದ್ದಾಗ ಅಜ್ಜನ ಕಣ್ಣು ಪೂರಾ ಹೋದವು. ಮೀರಜಿಗೆ ಕರೆದುಕೊಂಡು ಹೋಗಿ ತೋರಿಸಿದ್ದಾಯಿತು, ನರ ಒಣಗಿದೆ ಎಂದರು. ಅಜ್ಜ ಅತ್ತವನಲ್ಲ. ಛಪ್ಪರದಲ್ಲಿ ಕುಳಿತು ಅಪ್ಪ ಮಾಡಿದ ಗಾಲಿಯನ್ನು ಕೈಯಿಂದ ಸವರಿ, ಎಲ್ಲಿ ಕೂದಲೆಳೆಯಷ್ಟು ಹೆಚ್ಚಿದೆ ಎಂದು ಹೇಳುತ್ತಿದ್ದ. ಒಂದು ಮುಂಜಾನೆ ಹಾಗೆ ಸವರುತ್ತ ಸವರುತ್ತ ನಿಲ್ಲಿಸಿ ಅಪ್ಪನನ್ನು ಕರೆದ.

"ಮೋನ್ಯಾ, ನನ್ನ ಚಿಲಖತಿ ಗಾಡಿ ಸಣ್ಣದು ಮಾಡಿಕೊಡ. ಕೈಲೆ ನೋಡತೇನಿ."

ಉಕ್ಕಿನ ಹಾಳೆ ಹೊದ್ದ ಮೋಟಾರಿಗೆ ನಮ್ಮ ಕಡೆಯ ಸಿಪಾಯಿಗಳು ಚಿಲಖತಿ ಗಾಡಿ ಎನ್ನುತ್ತಿದ್ದರು. ಒಳಗೆ ಮುಂದೆ ಅಜ್ಜ, ಅವನ ಮಗ್ಗುಲಲ್ಲಿ ಸಾಹೇಬ, ಅಜ್ಜನ ಬೆನ್ನ ಹಿಂದೆ, ತಂತಿಯಿಲ್ಲದೆ ಸುದ್ದಿ ಕಳಿಸುವ ಬಿನತಾರಿ ಯಂತ್ರದ ಮುಂದೆ ಕಿವಿಗೆ ಬಟ್ಟಲು ಕಟ್ಟಿಕೊಂಡ ಸಖಾರಾಮ. ಅಪ್ಪ ಅಂಥದನ್ನು ಕಂಡವನೇ ಅಲ್ಲ. ಆದರೆ ತನ್ನ ಅಪ್ಪನಿಗೆ ಇಲ್ಲ ಎಂದು ಅವನು ಹೇಳಿದ್ದನ್ನು ನಾನು ಕೇಳಿಲ್ಲ. ಅಂದೇ ಅಂಗಡಿಯಿಂದ ಒಂದು ನೂರು ಪುಟದ ನೋಟುಬುಕ್ಕು ತಂದ. ಏಳನೆಯ ಇಯತ್ತೆ ಓದಿದ ಅಪ್ಪನ ಅಕ್ಷರ ಗಾಲಿಯ ಅರೆಗಳಂತೆ ನೆಟ್ಟಗೆ ಇರುತ್ತಿದ್ದವು. ಮೊದಲ ಪುಟದಲ್ಲಿ ಬರೆದ: 'ಫೂಟಿಗೆ ಇಂಚು.' ಖರೆ ಗಾಡಿಯ ಒಂದು ಫೂಟು ಇವನ ಗಾಡಿಯಲ್ಲಿ ಒಂದು ಇಂಚು. ಆಮೇಲೆ ದಿನಾ ಸಂಜೆ ಅಜ್ಜನ ಮುಂದೆ ಕುಳಿತು ಕೇಳುವುದು. ಬಾಗಿಲು ಯಾವ ಕಡೆ ತೆರೆಯುತ್ತಿತ್ತು? ಕಿಂಡಿಯ ಮುಚ್ಚಳ ಮೇಲಕ್ಕೋ ಮಗ್ಗುಲಿಗೋ? ಉಕ್ಕಿನ ಹಾಳೆಯ ಜೋಡಣೆ ಮೊಳೆಯದೋ ಬೆಸುಗೆಯದೋ?

ದೇವರು ದೊಡ್ಡವನು, ಅಜ್ಜ ಬಡಿಗ. ಮರಳುಗಾಡಿನಲ್ಲಿ ತಿಂಗಳುಗಟ್ಟಲೆ ಹುಕುಮಿಗೆ ಕಾಯುತ್ತ ಕುಳಿತಾಗ ಉಳಿದವರು ಇಸ್ಪೀಟು ಆಡಿದರೆ ಇವನು ಗಾಡಿಯನ್ನೆಲ್ಲ ಗೇಣು ಹಾಕಿ ಅಳೆದಿದ್ದ. ಬಡಿಗನ ಕೈ ಸುಮ್ಮನೆ ಇರುವುದಿಲ್ಲ. ಒಂದೊಂದೂ ಅವನ ನಾಲಿಗೆಯ ಮೇಲಿತ್ತು.

"ಗಾಲಿ ಎತ್ತರ ನಾಕ ಗೇಣು. ನನ್ನ ಸೀಟಿನ ಬೆನ್ನಿಂದ ಸಖಾರಾಮನ ಸೀಟಿನ ಬೆನ್ನಿಗೆ ನಾಕ ಗೇಣು. ಗಾಲಿ ಎಷ್ಟೋ ಅದೂ ಅಷ್ಟ."

ಅಪ್ಪ ಅಜ್ಜನ ಬಲಗೈ ಬಿಡಿಸಿ ಕಬ್ಬಿಣದ ಪಟ್ಟಿಯ ಮೇಲಿಟ್ಟು ಗೇಣು ಅಳೆದ. ಎಂಟು ಇಂಚು. ಹಾಗಾದರೆ ನಾಲ್ಕು ಗೇಣಿಗೆ ಮೂವತ್ತೆರಡು ಇಂಚು. ಎಲ್ಲ ಲೆಕ್ಕವೂ ಆ ಎಂಟರ ಮೇಲೆ ನಡೆಯಿತು. ಅಜ್ಜನ ಮಾತೊಂದೇ ಸಾಲದು ಎಂದು ಅಪ್ಪ ಎರಡು ಬಸ್ಸು ಬದಲಿಸಿ ಕುಡಚಿಗೆ ಹೋಗಿ ದಸ್ತಗೀರ ಕಾಕಾನನ್ನು ಹುಡುಕಿದ. ಆತ ಲಢಾಯಿಯಲ್ಲಿ ಇಂಥ ಗಾಡಿಗಳ ರಿಪೇರಿ ಮಾಡಿದವನು. ಹದಿನೈದು ದಿನಕ್ಕೊಮ್ಮೆ ನಮ್ಮ ಮನೆಗೇ ಬರತೊಡಗಿದ. ಅವ್ವ ಕುಟ್ಟಿದ ಶೇಂಗಾ ಹಿಂಡಿ ಚಟ್ನಿಗೂ ಬರುತ್ತಿದ್ದನೇನೋ. ಅವನೂ ಅಜ್ಜನೂ ಕೂಡಿದರೆ ಪಡಸಾಲೆಯಲ್ಲಿ ಇನ್ನೊಂದು ಲಢಾಯಿ.

"ಗಾಲಿಗೆ ಆರ ಬೋಲ್ಟು," ಎಂದ ಅಜ್ಜ.

"ಐದು. ಓಡಸಾಂವಗ ಗಾಲಿ ತಿರಗೂದಷ್ಟ ಗೊತ್ತು, ಭಾಯಿ. ಬಿಚ್ಚಾಂವ ನಾನು."

"ಬಿಚ್ಚಿ ತಿರಗಿ ಹಾಕೂವಾಗ ಒಂದ ಮರತಿರತಿ. ಅದಕ್ಕ ಐದ ನೆನಪೈತಿ."

"ಯಾ ಅಲ್ಲಾ! ನಾ ಮರತ ಗಾಡಿ ನೀ ಓಡಿಸಿದ್ರ ಇವತ್ತ ಇಲ್ಲಿ ಕುಂತು ಹಿಂಡಿ ತಿಂತಿದ್ದಿ?"

"ಲಢಾಯಿ ಗೆದ್ದ ಬಂದೀರಿ ಇಬ್ರೂ, ಇನ್ನ ಬೋಲ್ಟಿಗೆ ಸಾಯಬ್ಯಾಡ್ರಿ," ಎಂದಳು ಆಯಿ. "ರೊಟ್ಟಿ ಆರಾಕತ್ತಾವು."

ಅಪ್ಪ ನೋಟುಬುಕ್ಕಿನಲ್ಲಿ ಬರೆದ: 'ಬೋಲ್ಟು: ತೀರ್ಮಾನ ಆಗಿಲ್ಲ.' ಗಾಡಿ ಮಾಡುವಾಗ ಎಡಗಡೆಯ ಗಾಲಿಗಳಿಗೆ ಆರು, ಬಲಗಡೆಯ ಗಾಲಿಗಳಿಗೆ ಐದು ಹಾಕಿದ. ಇದೇನು ಎಂದು ಕೇಳಿದರೆ, 'ಸಾಕ್ಷಿ ಇಲ್ಲದ ಕಡೆ ಹಿರ್ಯಾರಿಬ್ಬರಿಗೂ ಮರ್ಯಾದಿ' ಎಂದ. ಉಳಿದ ಕಡೆ ಅವನ ಬಾಯಲ್ಲಿ ಅಂದಾಜು ಎಂಬ ಮಾತೇ ಇಲ್ಲ. 'ಸುಮಾರು ಅನ್ನೂದು ಬಡಿಗ್ಯಾನ ಬಾಯಾಗ ಬರಬಾರದು. ಸುಮಾರು ಬಂಡಿ ಸುಮಾರು ದೂರನ ಹೋಗತೈತಿ.' ಒಂದು ಕಿಂಡಿಯ ಮುಚ್ಚಳಕ್ಕಾಗಿ ಮೂರು ಸಲ ಎಣ್ಣೆಯ ಡಬ್ಬಿ ಕತ್ತರಿಸಿ ಮೂರು ಸಲ ಎಸೆದ. ಹಗಲೆಲ್ಲ ಬಂಡಿಯ ಕೆಲಸ ಮಾಡಿದ ಕೈ ಅದು. ಈಗ ಆ ಮುಚ್ಚಳವನ್ನು ಒರೆಸುವಾಗ ಬೆರಳ ತುದಿಯಿಂದ ಎತ್ತಿ ನೋಡುತ್ತೇನೆ, ಇನ್ನೂ ಸದ್ದಿಲ್ಲದೆ ತೆರೆಯುತ್ತದೆ.

ಗಾಡಿ ಮುಗಿದ ದಿನ ಅಜ್ಜನ ಮಡಿಲಲ್ಲಿಟ್ಟರು. ಬಹಳ ಹೊತ್ತು ಸವರಿದ. ಬೆರಳು ಒಳಗೆ ಹಾಕಿ ತನ್ನ ಸೀಟು ಮುಟ್ಟಿದ, ಸಖಾರಾಮನ ಸೀಟು ಮುಟ್ಟಿದ. ಆಮೇಲೆ ಅಂದ:

"ಇದ ಅಳತಿಗೆ ದೊಡ್ಡದು ಮಾಡಿ ಪಡಸಾಲ್ಯಾಗ ಹೂಡು. ನಾ ಕುಂಡ್ರಬೇಕು."

ಮನೆಯಲ್ಲಿದ್ದ ಸಾಮಾನೆಲ್ಲ ಪಡಸಾಲೆಗೆ ಬಂತು. ಎರಡು ಮಣೆ ಸೀಟುಗಳಾದವು. ಜೋಳದ ಚೀಲ ಎರಡು ಮಗ್ಗುಲು, ಬಿನತಾರಿ ಯಂತ್ರದ ಜಾಗಕ್ಕೆ ಹಿಟ್ಟಿನ ಡಬ್ಬಿ, ಅಜ್ಜನ ಕೈಗೆ ಚಕ್ರವೆಂದು ಜರಡಿ. ಅದನ್ನು ಅಪ್ಪ ಗೂಟಕ್ಕೆ ಬಿಗಿದು ಕಟ್ಟಿದ. 'ನನ್ನ ಹೊಸಾ ಜರಡಿನ ಸಿಕ್ತೇನು ನಿಮಗ ಲಢಾಯಿಗೆ?' ಎಂದು ಆಯಿ ಗೊಣಗಿದಳು. ನಾವು ನಕ್ಕೆವು. ಅಜ್ಜ ನಗಲಿಲ್ಲ.

"ಮೋನ್ಯಾ, ನೀ ಸಖಾರಾಮನ ಜಾಗಾದಾಗ ಕುಂಡರು. ಎಲ್ಲಾರೂ ಕೇಳ್ರಿ. ಗಾಡಿ ನೆಲದಾಗ ಹುಗದಿದ್ದ ಸುರುಂಗದ ಮದ್ದಿನ ಮ್ಯಾಲ ಹೋತು. ಧಡ್ ಅಂತು, ಒಳಗೆಲ್ಲಾ ಹೊಗಿ. ಸಾಹೇಬ ಹೊರಗ ಬಿದ್ದ. ಎಣ್ಣಿ ವಾಸನಿ ಬಂತು. ನಾ ತಿರಗಿ ಹಿಂದಕ ಕೈ ಚಾಚಿದೆ. ಕೈಗೆ ಏನೂ ಹತ್ತಲಿಲ್ಲ. ಹೊರಗ ಜಿಗದೆ. ಹಿಂದಿಂದ ಬೆಂಕಿ ಹತ್ತಿತು. ಅವತ್ತಿಂದ ನನಗ ತಿಳೀವಲ್ದು, ನನ್ನ ಕೈ ಅಂವಗ ಮುಟ್ಟೂವಂಗ ಇರಲಿಲ್ಲೋ, ಅಥವಾ ಜೀವದ ಆಸೇಕ ನಾನ ಪೂರಾ ಚಾಚಲಿಲ್ಲೋ."

ಮಾತು ಮುಗಿಸಿ ಅಜ್ಜ ಹೊಟ್ಟೆಗೆ ಜರಡಿ ಒತ್ತಿಕೊಂಡ ಹಾಗೆಯೇ ಸೊಂಟ ತಿರುವಿ ಬಲಗೈ ಹಿಂದಕ್ಕೆ ಚಾಚಿದ. ಬೆರಳುಗಳು ಅಪ್ಪನ ಅಂಗಿಯ ಕಾಲರನ್ನು ಹಿಡಿದವು. ಗಟ್ಟಿಯಾಗಿಯೇ ಹಿಡಿದವು. ಬಿಡಿಸಿಕೊಳ್ಳಲು ಅಪ್ಪನಿಗೆ ಆಗಲಿಲ್ಲ, ಬಿಡಿಸಿಕೊಳ್ಳಲು ಅವನು ನೋಡಲೂ ಇಲ್ಲ.

"ಸಿಕ್ತು," ಎಂದ ಅಜ್ಜ. ಎದ್ದು ಗೋಡೆ ಸವರುತ್ತ ಒಳಗೆ ಹೋಗಿ ಹಾಸಿಗೆಯ ಮೇಲೆ ಮಲಗಿದ.

ಅಂದಿನಿಂದ ರೊಟ್ಟಿ ಬಿಟ್ಟ. ಅವ್ವ ಅಂಬಲಿ ಮಾಡಿ ಒಯ್ದರೆ ಎರಡು ಗುಟುಕು. ದಸ್ತಗೀರ ಕಾಕಾ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗಾಡಿಯನ್ನು ಮತ್ತೆ ಮುಟ್ಟಲಿಲ್ಲ. ಅವ್ವ ಎಂದೂ ಅಪ್ಪನ ಎದುರು ದನಿ ಎತ್ತಿದವಳಲ್ಲ, ಆ ವಾರ ಎತ್ತಿದಳು.

"ಆಟಿಗಿ ಸಾಮಾನು ಮಾಡಿ ಮುದುಕನ್ನ ಹಾಸಿಗಿಗೆ ಹಾಕಿದ್ರಿ. ಸುಳ್ಳರ ಹೇಳಬಾರದೇನ್ರಿ? ಕಣ್ಣ ಕಾಣದವಗ ಒಂದೀಟು ಹಿಂದ ಸರದ ಕುಂತಿದ್ರ ಏನ ಹೋಗತಿತ್ತು ನಿಮ್ಮದು?"

ಅಪ್ಪ ಅಂದ:

"ಸರದಿದ್ರ ಅಂವಗ ಗೊತ್ತಾಗತಿತ್ತು. ಕಣ್ಣ ಹೋಗ್ಯಾವ, ಕೈ ಹೋಗಿಲ್ಲ."

ಮರುದಿನ ನೋಟುಬುಕ್ಕು ಹಿಡಿದು ಮತ್ತೆ ಕುಡಚಿಗೆ ಹೋದ. ಯಾರ ನೆನಪೂ ಬೇಡ, ಬರೆದಿಟ್ಟದ್ದು ಏನಾದರೂ ಇದ್ದರೆ ಕೊಡು ಎಂದು ದಸ್ತಗೀರ ಕಾಕಾನನ್ನು ಕೇಳಿದ. ಕಾಕಾ ಪೆಟ್ಟಿಗೆಯ ತಳದಿಂದ ಲಢಾಯಿ ಕಾಲದಲ್ಲಿ ತಾನು ರಿಪೇರಿಯ ಲೆಕ್ಕ ಬರೆದಿಟ್ಟ ಎಣ್ಣೆಗಲೆಯ ಚೋಪಡಿ ತೆಗೆದ. ಅದರಲ್ಲಿ ಬೋಲ್ಟಿನ ಲೆಕ್ಕ ಇರಲಿಲ್ಲ. ಗಾಲಿಯ ಎತ್ತರ ಇತ್ತು: ಮೂವತ್ತಾರು ಇಂಚು. ನಮ್ಮ ಗಾಡಿಯ ಗಾಲಿ ಮೂವತ್ತೆರಡರ ಲೆಕ್ಕದ್ದು. ಅಪ್ಪ ಬಸ್ಸಿಳಿದು ಬಂದವನು ಊಟಕ್ಕೂ ಕೂಡಲಿಲ್ಲ. ಒಂದೋ ಅಜ್ಜನ ನೆನಪು ತಪ್ಪು, ಇಲ್ಲವೇ ಚೋಪಡಿ ತಪ್ಪು. ಎರಡನ್ನೂ ನಂಬಲು ಅವನ ಮನಸ್ಸು ಒಪ್ಪದು.

ನವರಾತ್ರಿ ಹತ್ತಿರ ಬಂದಿತ್ತು. ಆಯಿಗೆ ಬಗ್ಗಲು ಆಗದೆ ಆ ವರ್ಷ ಕೈಯ ಸುತ್ತ ಸುಣ್ಣ ಬಳಿಯುವ ಕೆಲಸ ಮೊದಲ ಸಲ ನನಗೆ ಬಂತು. ಒಂದು ಹನಿಯೂ ಕೆಂಪಿನ ಮೇಲೆ ಬೀಳಬಾರದು ಎಂದು ಆಯಿ ಹತ್ತು ಸಲ ಹೇಳಿದ್ದಳು. ಉಸಿರು ಬಿಗಿ ಹಿಡಿದು ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ದಾಟಿ ಹೆಬ್ಬೆರಳಿಗೆ ಬಂದೆ. ಅದನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ದಿನಾ ಅಜ್ಜನ ಆ ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುವವಳು ನಾನೇ. ಅದರ ಗುರುತು ನನಗೆ ಚೆನ್ನಾಗಿತ್ತು.

"ಅಪ್ಪಾ, ಇದು ಅಜ್ಜನ ಕೈ ಅಲ್ಲ. ಈ ಹೆಬ್ಬಟ್ಟು ಉದ್ದ ಐತಿ."

ಛಪ್ಪರದಲ್ಲಿ ರಂದಾದ ಸದ್ದು ನಿಂತಿತು. ಅಪ್ಪ ಬಂದು ನೋಡಿದ. ಅಡಿಗೆಮನೆಯಿಂದ ಆಯಿ ಬಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಲಢಾಯಿಯಿಂದ ಬಂದ ಎರಡನೆಯ ವರ್ಷ ಗಾಲಿಯ ಅರೆ ಕೆತ್ತುವಾಗ ಬಾಚಿ ತಗುಲಿ ಅಜ್ಜನ ಬಲಗೈ ಹೆಬ್ಬೆರಳ ತುದಿ ಹೋಗಿತ್ತು. ಅದು ಎಷ್ಟು ಹಳೆಯದೆಂದರೆ ನಮಗೆಲ್ಲ ಅಜ್ಜನ ಹೆಬ್ಬೆರಳು ಎಂದರೆ ಅಷ್ಟೇ ಇರುವುದು. ಅಪ್ಪ ತೊಟ್ಟಿಲಲ್ಲಿದ್ದಾಗ ಆದದ್ದು. ಅಜ್ಜನೂ ಆಮೇಲೆ ಕೆಲಸಕ್ಕೆ ಕಬ್ಬಿಣದ ಪಟ್ಟಿ ಹಿಡಿದವನು, ಗೇಣು ಹಾಕುವುದನ್ನು ಬಿಟ್ಟಿದ್ದ. ಗಾಡಿಯನ್ನು ಅಳೆದದ್ದು ಪೂರ್ತಿ ಇದ್ದ ಕೈ. ನಾವು ಲೆಕ್ಕ ಹಾಕಿದ್ದು ಮೊಂಡು ಕೈಯ ಮೇಲೆ.

ಅಪ್ಪ ಕಬ್ಬಿಣದ ಪಟ್ಟಿ ತಂದು ಗೋಡೆಯ ಮೇಲಿಟ್ಟ. ಕಿರುಬೆರಳ ತುದಿಯಿಂದ ಹೆಬ್ಬೆರಳ ತುದಿಗೆ ಒಂಬತ್ತು ಇಂಚು. ನಾಲ್ಕು ಒಂಬತ್ತಲೆ ಮೂವತ್ತಾರು. ಕುಡಚಿಯ ಚೋಪಡಿಯ ಗಾಲಿ.

ಅಜ್ಜನನ್ನು ಎಬ್ಬಿಸಿ ಕರೆತಂದರು. ಅಪ್ಪ ಅವನ ಕೈಯನ್ನು ಗೋಡೆಯ ತಗ್ಗಿನೊಳಗೆ ಇಟ್ಟ. ನಾಲ್ಕು ಬೆರಳೂ ತಮ್ಮ ತಮ್ಮ ಮನೆಯಲ್ಲಿ ಸರಿಯಾಗಿ ಕುಳಿತವು. ಹೆಬ್ಬೆರಳಿನ ಮುಂದೆ ಒಂದು ಇಂಚು ಖಾಲಿ. ಅಜ್ಜ ಎಡಗೈಯ ಬೆರಳಿನಿಂದ ಆ ಖಾಲಿ ಜಾಗವನ್ನು ಮುಟ್ಟಿ ನೋಡಿದ. ತೆಗೆದ, ಮತ್ತೆ ಮುಟ್ಟಿದ.

"ಮತ್ತ ಹೂಡು," ಎಂದ.

ಮಣೆ, ಚೀಲ, ಜರಡಿ ಮತ್ತೆ ಬಂದವು. ಈ ಸಲ ಸಖಾರಾಮನ ಸೀಟಿನ ಬೆನ್ನು ಆ ಗೋಡೆಯೇ. ಅಲ್ಲಿಂದ ಮೂರು ಫೂಟು ಅಳೆದು ಅಜ್ಜನ ಮಣೆ ಇಟ್ಟರು. ಅಪ್ಪ ಕೂಡಲು ಹೋದರೆ ಅಜ್ಜ ತಡೆದ.

"ನೀ ಬ್ಯಾಡ. ನೀ ಮಗಾ, ಸರಿತಿ. ನಿಮ್ಮ ಅವ್ವನ ಕುಂಡ್ರಸು. ಆಕಿ ನನಗ ಇಷ್ಟು ವರ್ಷದಾಗ ಒಂದ ಮಾತಿನ್ಯಾಗೂ ಬಿಟ್ಟಕೊಟ್ಟಾಕಿ ಅಲ್ಲ."

"ಬಿಟ್ಟಕೊಟ್ಟಿದ್ರ ಮನಿ ಉಳೀತಿತ್ತೇನ್ರಿ?" ಎಂದು ಆಯಿ ಸೆರಗು ಸಿಕ್ಕಿಸಿಕೊಂಡು ಗೋಡೆಗೆ ಬೆನ್ನು ಹಚ್ಚಿ ಕುಳಿತಳು. ಹಿಂದೆ ಸರಿಯಲು ಜಾಗವೇ ಇರಲಿಲ್ಲ.

ಅಜ್ಜ ಸೊಂಟ ತಿರುವಿದ. ಕೈ ಚಾಚಿದ. ಜರಡಿಯ ಅಂಚು ಹೊಟ್ಟೆಯೊಳಗೆ ಹೋಯಿತು, ಕುತ್ತಿಗೆಯ ನರ ಉಬ್ಬಿದವು. ಬೆರಳುಗಳು ಗಾಳಿಯಲ್ಲಿ ತೆರೆದವು, ಮುಚ್ಚಿದವು. ಆಯಿಯ ಕೊರಳಿಗೂ ಆ ಬೆರಳುಗಳಿಗೂ ನಡುವೆ ನಾಲ್ಕು ಬೆರಳಿನ ಬಯಲು. ನಾನು ಆಯಿಯ ಮುಖವನ್ನೇ ನೋಡುತ್ತಿದ್ದೆ. ಅವಳು ಹಿಂದೆ ಸರಿಯಲಿಲ್ಲ. ನಿಜ ಹೇಳಬೇಕೆಂದರೆ ಮುಂದಕ್ಕೇ ಬಾಗಲು ನೋಡಿದಳು, ಅಪ್ಪ ಅವಳ ಭುಜ ಹಿಡಿದ.

"ಮುಟ್ಟವಲ್ದು," ಎಂದ ಅಜ್ಜ.

"ಮುಟ್ಟೂದಿಲ್ರೀ," ಎಂದಳು ಆಯಿ. ಗಂಡನಿಗೆ ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಜ್ಜ ಕೈಯನ್ನು ಮಡಿಲಿಗೆ ತಂದುಕೊಂಡ. ಅವನ ಮುಖ ನೋಡಬಾರದೆಂದು ನಾವೆಲ್ಲ ಬೇರೆ ಕಡೆ ನೋಡಿದೆವು. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಹಿಡಿದು ಕರೆದು, ಸುಣ್ಣದ ಗಡಿಗೆ ಕೇಳಿದ. ನಾನು ಕುಂಚ ಕೊಡಹೋದರೆ ಬೇಡವೆಂದ. ಅಂಗೈಯನ್ನೇ ಸುಣ್ಣದಲ್ಲಿ ಅದ್ದಿ, ಗೋಡೆ ಸವರುತ್ತ ಹೋಗಿ, ಆ ತಗ್ಗನ್ನು ತನ್ನ ಕೈಯಿಂದಲೇ ತುಂಬಿದ. ಅಪ್ಪ ಅದಕ್ಕೂ ಮೊದಲೇ ಒಂದು ಸಾಗವಾನಿ ಕಡ್ಡಿಯನ್ನು ಆ ಗೇಣಿಗೆ ಸರಿಯಾಗಿ ಕತ್ತರಿಸಿ ಇಟ್ಟುಕೊಂಡಿದ್ದ. ಅಳತೆ ಹೋಗಬಾರದು ಎಂದು.

ಅಂದು ಅಜ್ಜ ರೊಟ್ಟಿಗೆ ಕುಳಿತ. ಮೊದಲ ರೊಟ್ಟಿಯ ಅಂಚನ್ನು ಮುರಿದು ಎಡಕ್ಕೆ ಇಟ್ಟವನು ಮತ್ತೆ ಎತ್ತಿದ, ಮೂಸಿದ, ಪಕ್ಕಕ್ಕೆ ಎಸೆದ. ನಡುವಿನ ಮೆತ್ತನೆಯ ತುಂಡು ಮುರಿದ.

"ಬೆಲ್ಲಾ ತುಪ್ಪಾ ತರ್ರಿ. ಸಖಾರಾಮಗ."

ಅಲ್ಲಿಂದ ಮುಂದೆ ಅಜ್ಜ ಇದ್ದಷ್ಟು ದಿನ ಸಖಾರಾಮ ನಮ್ಮ ಮನೆಯಲ್ಲಿ ಬೆಲ್ಲ ತುಪ್ಪ ಉಂಡ. ಅಪ್ಪ ಗಾಡಿಯನ್ನು ಬಿಚ್ಚಿ ಒಂಬತ್ತು ಇಂಚಿನ ಗೇಣಿನ ಮೇಲೆ ಎರಡನೆಯ ಸಲ ಮೊದಲಿನಿಂದ ಮಾಡಿದ, ಆರು ತಿಂಗಳು ಹಿಡಿದು. ಬೋಲ್ಟುಗಳು ಮಾತ್ರ ಎಡಕ್ಕೆ ಆರು, ಬಲಕ್ಕೆ ಐದು ಹಾಗೆಯೇ ಉಳಿದವು. ನನ್ನ ಮದುವೆಯಲ್ಲಿ ಅದನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಕಳಿಸಿದ. 'ಹೆಬ್ಬಟ್ಟು ನೋಡಿದಾಕಿ ನೀ. ಇದು ನಿಂದ' ಎಂದ. ಅಪ್ಪನಿಂದ ನನಗೆ ಸಿಕ್ಕ ಹೊಗಳಿಕೆ ಅಷ್ಟೇ. ಅದು ಸಾಕಾಗಿದೆ.

ನಿನ್ನೆ ಸಹನಾ ಮತ್ತೆ ಬಂದಳು. ಮ್ಯೂಜಿಯಮ್ಮಿನ ಅಳತೆಗಳು ಬಂದಿದ್ದವು. ಎಷ್ಟು ದಿನ ಸುಳ್ಳು ಮಡಿ ಹೇಳಲಿ? ನಾನೇ ಗಾಡಿಯನ್ನು ಜಗಲಿಯಿಂದ ಇಳಿಸಿ, ಅದರ ಕೆಳಗಿದ್ದ ಗೇಣುಕಡ್ಡಿಯನ್ನೂ ಕೊಟ್ಟೆ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಅವಳು ಅಳೆಯತೊಡಗಿದಳು. ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತ, ತಾಯೀ ಕಾಳಮ್ಮಾ ಎನ್ನುತ್ತ, ಕಿವಿಯನ್ನು ಹೊರಗಿಟ್ಟಿದ್ದೆ.

"ಅಜ್ಜೀ, ಗಾಲಿ ಬರೋಬರಿ! ಕಿಂಡಿ ಬರೋಬರಿ! ಬಾಗಲಾ ಒಂದು ನೂಲು ಸಣ್ಣದಾಗೇತಿ... ಅಯ್ಯ, ಇದೇನಿದು, ಬೋಲ್ಟು ಒಂದ ಕಡೆ ಆರು, ಒಂದ ಕಡೆ ಐದು? ಖರೇ ಗಾಡಿಗೆ ಎಂಟು ಅದಾವು!"

ನನಗೆ ನಗು ಬಂತು. ಎಂಟು. ಅಜ್ಜನೂ ದಸ್ತಗೀರ ಕಾಕಾನೂ ಮೇಲೆ ಎಲ್ಲಿಯೋ ಕುಳಿತು ಇದನ್ನು ಕೇಳಿಸಿಕೊಂಡಿದ್ದರೆ ಎಂಟಕ್ಕೂ ಒಪ್ಪುವವರಲ್ಲ.

"ಸೀಟಿನ ಬೆನ್ನಿಂದ ಸೀಟಿನ ಬೆನ್ನಿಗೆ ಎಷ್ಟೈತಿ ನೋಡವಾ," ಎಂದೆ. ಕೈ ಹಿಟ್ಟಿನಲ್ಲಿಯೇ ನಿಂತಿತ್ತು.

"ಓಡಸಾಂವಂದು ಮತ್ತ ಹಿಂದಿನಾಂವಂದ ಏನು? ತಡೀರಿ... ನಿಮ್ಮ ಅಪ್ಪಾರ ಲೆಕ್ಕದ್ದು ಪೂರಾ ಮೂರು ಫೂಟು. ಖರೇ ಗಾಡಿದು ಮೂರು ಫೂಟು, ಮ್ಯಾಲ ಅರ್ಧಾ ಇಂಚು. ಅರ್ಧಾ ಇಂಚು ಕಡಿಮಿ ಮಾಡ್ಯಾರ ನೋಡ್ರಿ, ತಪ್ಪಿದ್ದು ಇಲ್ಲೆ!"

ಅವಳಿಗೆ ಅದು ತಪ್ಪಿನ ಅರ್ಧ ಇಂಚು. ಖರೆ ಗಾಡಿಯಲ್ಲಿ ಸಖಾರಾಮ ಅಜ್ಜನ ಕೈಗೆ ಇನ್ನೂ ಅರ್ಧ ಇಂಚು ದೂರವೇ ಇದ್ದ. ಮೊದಲ ರೊಟ್ಟಿ ಬಡಿದು, ಬೇಯಿಸಿ, ನಡುವಿನ ಮೆತ್ತನೆಯ ತುಂಡು ಮುರಿದು ಬೆಲ್ಲ ತುಪ್ಪ ಹಚ್ಚಿ ತಾಟಿನ ಎಡಕ್ಕೆ ಇಟ್ಟೆ. ನಾಲ್ಕು ಗೇಣು ಅಜ್ಜನ ತೂಕದ್ದು, ಅಪ್ಪ ಅದನ್ನು ಒಂದು ನೂಲೂ ಬಿಡದೆ ತೂಗಿ ಕೊಟ್ಟಿದ್ದ. ಈ ಅರ್ಧ ಇಂಚು ಕೊಸರು.